ಲಾರಿ ಬರದು

ನವೆಂಬರ್ 29, 1990, ಗುರುವಾರ
ವಫ್ರಾ, ಕುವೈತ್

ಇದು ಪಾಠಟಿಪ್ಪಣಿ ಬರೆಯಲೆಂದು ಇಟ್ಟುಕೊಂಡಿದ್ದ ಪುಸ್ತಕ. ಶಾಲೆ ಇವತ್ತು ತೆರೆಯುತ್ತದೆ, ನಾಳೆ ತೆರೆಯುತ್ತದೆ ಎಂದು ಆಗಸ್ಟಿನಿಂದ ಕಾದದ್ದಾಯಿತು. ಈಗ ಪಾಠವೂ ಇಲ್ಲ, ಮಕ್ಕಳೂ ಇಲ್ಲ. ಹಾಳೆಗಳು ಸುಮ್ಮನೆ ಹಳದಿಯಾಗುವುದಕ್ಕಿಂತ ನನ್ನ ಸಿಟ್ಟನ್ನಾದರೂ ಇವುಗಳ ಮೇಲೆ ಇಳಿಸೋಣ ಎಂದು ಶುರುಮಾಡಿದ್ದೇನೆ.

ನಾನಿರುವುದು ಇವರ ಕಫೀಲನ, ಎಂದರೆ ನನ್ನ ಗಂಡನಿಗೆ ವೀಸಾ ಕೊಟ್ಟ ಅರಬಿ ಯಜಮಾನನ, ತೋಟದಲ್ಲಿ. ತೋಟ ಎಂದರೆ ಮರಳು, ಮರಳಿನ ಮೇಲೆ ಪ್ಲಾಸ್ಟಿಕ್ ಹೊದಿಸಿದ ಉದ್ದುದ್ದ ಗೂಡುಗಳು, ಗೂಡಿನೊಳಗೆ ಮುಳ್ಳುಸೌತೆ, ಹೊರಗೆ ಬಯಲಿನಲ್ಲಿ ಟೊಮೆಟೊ. ತಗಡಿನ ಮಾಡಿನ ಪಂಪಿನ ಕೋಣೆ ಒಂದು. ಅದರ ಪಕ್ಕದ್ದು ಗೊಬ್ಬರದ ಮೂಟೆ ಇಡುತ್ತಿದ್ದ ಕೋಣೆ. ಅದನ್ನು ನನಗೆ ಕೊಟ್ಟಿದ್ದಾರೆ. ತಲೆದಿಂಬಿಗೂ ಗೊಬ್ಬರದ ವಾಸನೆ. ಕಫೀಲ್ ಮನೆಯವರನ್ನೆಲ್ಲ ಕಟ್ಟಿಕೊಂಡು ಆಗಸ್ಟಿನಲ್ಲೇ ಬಹರೈನಿಗೆ ಓಡಿದ.

ಫರ್ವಾನಿಯಾದ ನಮ್ಮ ಬಿಲ್ಡಿಂಗಿನಲ್ಲಿ ಕೊನೆಗೆ ಉಳಿದವರು ನಾವಿಬ್ಬರೇ. ಇರಾಕಿ ಸೈನಿಕರು ಎದುರು ಫ್ಲಾಟಿನ ಬಾಗಿಲು ಒಡೆದು ಫ್ರಿಜ್ಜು ಹೊತ್ತುಕೊಂಡು ಹೋದ ದಿನವೇ ಇವರು ನನ್ನನ್ನು ಇಲ್ಲಿಗೆ ಸಾಗಿಸುವ ತೀರ್ಮಾನ ಮಾಡಿದರು. ಇವರನ್ನು ಮಾತ್ರ ಬಿಡುವುದಿಲ್ಲ. ಶುವೈಖ್‌ನ ಐಸ್ ಪ್ಲಾಂಟ್ ನಡೆಸಲು ಗೊತ್ತಿದ್ದವರಲ್ಲಿ ಉಳಿದವರು ಇವರೊಬ್ಬರೇ, ಸೈನ್ಯದ ಮಾಂಸ ಕೆಡದ ಹಾಗೆ ಇಡಲು ಐಸ್ ಬೇಕು. ಸೆಪ್ಟೆಂಬರಿನಲ್ಲಿ ಊರಿಗೆ ಹೋಗುವವರ ಬಸ್ಸು ಹೊರಟಾಗ ‘ನೀನಾದರೂ ಹೋಗು’ ಎಂದಿದ್ದರು. ನಿಮ್ಮನ್ನು ಬಿಟ್ಟು ಹೋಗುವುದಿಲ್ಲ ಎಂದು ದೊಡ್ಡದಾಗಿ ಹೇಳಿದ್ದೆ. ಹಾಗೆ ಹೇಳಿದವಳನ್ನು ಈಗ ಇವರೇ ಇಲ್ಲಿ ಬಿಟ್ಟು ಹೋಗಿದ್ದಾರೆ.

ಒಪ್ಪಂದ ಇಷ್ಟು. ಗುರುವಾರ ಗುರುವಾರ ಸೈನ್ಯದ ಲಾರಿಯೊಂದು ತರಕಾರಿ ಒಯ್ಯಲು ಗೇಟಿಗೆ ಬರುತ್ತದೆ. ಡ್ರೈವರ್ ಬಸ್ರಾದವನು, ಪ್ಲಾಂಟಿನಿಂದ ಐಸ್ ಒಯ್ಯುವವನೂ ಅವನೇ, ಹಾಗಾಗಿ ಇವರ ಪರಿಚಯ. ನಮ್ಮಿಬ್ಬರಿಗೂ ಬಸ್ರಾ ದಾಟುವ ಪಾಸು ಸಿಕ್ಕಿದ ವಾರ ಇವರು ಅದೇ ಲಾರಿಯಲ್ಲಿ ಬಂದು ನನ್ನನ್ನು ಹತ್ತಿಸಿಕೊಳ್ಳುತ್ತಾರೆ. ಲಾರಿ ಒಳಗೆ ಬರುವುದಿಲ್ಲ, ಕಾಯುವುದೂ ಇಲ್ಲ. ಗೇಟಿನಾಚೆ ರಸ್ತೆಯ ಎರಡೂ ಬದಿಗೆ ಮೈನ್ ಹುಗಿದಿದ್ದಾರೆ, ನಡೆದು ಹೋಗುವ ಮಾತೇ ಇಲ್ಲ.

‘ಪ್ರತಿ ಗುರುವಾರ ಬ್ಯಾಗ್ ಹಿಡ್ಕೊಂಡು ಗೇಟಲ್ಲಿ ನಿಂತಿರು ಮೋಹಿನಿ. ಬ್ಯಾಗ್ ಒಳಗುಂಟು, ತರ್ತೇನೆ ಅಂತ ಹೇಳ್ಲಿಕ್ಕೆ ಟೈಮ್ ಇರುದಿಲ್ಲ’ ಎಂದು ಇವರು ಹೋಗುವಾಗ ಮಗ್ಗಿ ಕಲಿಸಿದ ಹಾಗೆ ಕಲಿಸಿ ಹೋಗಿದ್ದಾರೆ.

ಇವತ್ತು ನಿಂತೆ. ಲಾರಿ ಬಂತು, ಇವರು ಬರಲಿಲ್ಲ.

ಡಿಸೆಂಬರ್ 2

ಇಲ್ಲಿ ನನ್ನ ಜೊತೆಗಿರುವುದು ಇಬ್ಬರು. ಒಬ್ಬಳು ಕಫೀಲನ ಮನೆಯ ಅಡುಗೆಯವಳು, ಉಳ್ಳಾಲದ ಬ್ಯಾರ್ತಿ ಅಲೀಮಮ್ಮ. ಯಜಮಾನರು ಓಡುವಾಗ ಕೀಲಿಕೈಗೊಂಚಲನ್ನು ಇವಳ ಕೈಗೆ ಹಾಕಿ ಹೋದರಂತೆ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಡೀ ಕುವೈತ್ ತನ್ನದೇ ಎಂಬಂತೆ ಓಡಾಡುತ್ತಾಳೆ. ಬಾಯಿ ಒಂದು ಗಳಿಗೆ ಮುಚ್ಚುವುದಿಲ್ಲ. ಇನ್ನೊಬ್ಬ ತೋಟದ ಮೇಸ್ತ್ರಿ, ಈಜಿಪ್ತಿನವ, ಸಬ್ರಿ ಎಂದು ಹೆಸರು. ದಿನಾ ಬೆಳಿಗ್ಗೆ ತೋಟದ ಹಿಂಬದಿಯ ಸೈನಿಕರ ಕಾವಲು ಪೋಸ್ಟಿಗೆ ಸೌತೆ ಕೊಟ್ಟು ಬರುತ್ತಾನೆ. ಅವರ ಜೊತೆ ನಗುನಗುತ್ತಾ ಚಹಾ ಕುಡಿಯುವವನನ್ನು ನಂಬುವುದು ಹೇಗೆ? ಕೋಣೆಯ ಚಿಲಕ ಭದ್ರ ಇದೆಯೇ ಎಂದು ಎರಡೆರಡು ಸಲ ನೋಡುತ್ತೇನೆ.

ಅವನಿಗೆ ಸ್ವಲ್ಪ ಕನ್ನಡ ಬರುತ್ತದೆ ಎನ್ನುವುದು ಇವತ್ತಿನ ಸೋಜಿಗ. ಮೊದಲು ಇಲ್ಲಿ ಬಂಟ್ವಾಳದ ಇಬ್ಬರು ಕೆಲಸಕ್ಕಿದ್ದರಂತೆ. ‘ನೀರು ಬಿಡು. ಬೇಗ ಬಾ. ಸಾಕು ಮಾರಾಯ’ ಎಂದು ಗಿಣಿಯ ಹಾಗೆ ಒಪ್ಪಿಸಿದ. ‘ಬಿಡು’ ಅನ್ನುವುದನ್ನು ‘ಬಿದು’ ಎನ್ನುತ್ತಾನೆ. ತಿದ್ದಿದೆ.

ಡಿಸೆಂಬರ್ 6, ಗುರುವಾರ

ಬೆಳಿಗ್ಗೆಯೇ ಸ್ನಾನ ಮಾಡಿ, ಬ್ಯಾಗು ಕಟ್ಟಿ ಗೇಟಿಗೆ ಹೋದೆ. ಡ್ರೈವರ್ ಕೈ ಮಗುಚಿ ತೋರಿಸಿ ‘ಬುಕ್ರಾ, ಬುಕ್ರಾ’ ಎಂದ. ನಾಳೆ ಅಂತೆ. ಈ ಸೈನ್ಯದವರ ನಾಳೆಗಳನ್ನು ನಾಲ್ಕು ತಿಂಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಅವನು ಹೋದ ಮೇಲೂ ಬ್ಯಾಗಿನ ಮೇಲೆ ಕುಳಿತೇ ಇದ್ದೆ. ಅಲೀಮಮ್ಮ ಬಂದು ‘ಒಳಗೆ ಬನ್ನಿ ಟೀಚರಮ್ಮ, ಬಿಸಿಲಿಗೆ ತಲೆ ತಿರುಗ್ತದೆ’ ಎಂದಳು. ನಿನ್ನ ಕೆಲಸ ನೋಡಿಕೋ ಎಂದುಬಿಟ್ಟೆ.

ಡಿಸೆಂಬರ್ 11

ಬೇಸರ ಕಳೆಯಲು ಸಬ್ರಿಗೆ ಪಾಠ ಶುರುಮಾಡಿದ್ದೇನೆ. ಶಾಲೆಯಲ್ಲಿ ನಾನು ಕಲಿಸುವುದು ಭೂಗೋಳ, ಅದೂ ಇಂಗ್ಲಿಷಿನಲ್ಲಿ. ಕನ್ನಡ ಕಲಿಸಬೇಕೆನ್ನುವ ಆಸೆ ಎಷ್ಟೋ ವರ್ಷದ್ದು, ಅದು ಈ ಮರುಭೂಮಿಯಲ್ಲಿ ಒಬ್ಬ ಈಜಿಪ್ತಿನವನ ಮೇಲೆ ತೀರಬೇಕೆಂದಿತ್ತು. ದಿನಾ ಪೋಸ್ಟಿಗೆ ಹೋಗಿಬರುವವನು, ಲಾರಿಯ ಸುದ್ದಿ ಮೊದಲು ತಿಳಿಯುವುದು ಅವನಿಗೇ. ಅದನ್ನು ಸರಿಯಾದ ಭಾಷೆಯಲ್ಲಿ ನನಗೆ ಹೇಳಲಿ ಎಂಬ ಸ್ವಾರ್ಥವೂ ಉಂಟು.

‘ಲಾರಿ ಬರುವುದು’ ಎನ್ನುವುದು ಚೆನ್ನಾಗಿ ಬಂತು. ಬರದಿದ್ದರೆ ಏನು ಹೇಳಬೇಕು? ಮೊದಲು ನಮ್ಮೂರಿನ ‘ಬರ್ಲಿಕ್ಕಿಲ್ಲ’ ಕೊಟ್ಟೆ. ನಾಲಗೆ ಸಿಕ್ಕಿಹಾಕಿಕೊಂಡಿತು. ‘ಬರುವುದಿಲ್ಲ’ ಕೊಟ್ಟೆ, ಅದೂ ಉದ್ದವಾಯಿತು. ಕಡೆಗೆ ಎಲ್ಲಕ್ಕಿಂತ ಚಿಕ್ಕದು ಕೊಟ್ಟೆ: ಬರದು.

‘ಬರದ್?’ ಎಂದ. ನನ್ನ ಮುಖ ನೋಡಿದ. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಕಾಶಕ್ಕೆ ಬೆರಳು ತೋರಿಸಿದ, ಮುಷ್ಟಿ ಬಿಗಿದು ಮೇಲಿಂದ ಕೆಳಕ್ಕೆ ತಂದ, ತನ್ನ ತಲೆಗೆ ತಾನೇ ಟಕ್ ಟಕ್ ಎಂದು ಕುಟ್ಟಿಕೊಂಡ. ಮೇಲಿನವನು ಏನು ಕೊಡುತ್ತಾನೋ ಅದು ನಮ್ಮ ತಲೆಗೆ ಎನ್ನುತ್ತಿದ್ದಾನೆ ಎಂದುಕೊಂಡೆ. ಎಲ್ಲದಕ್ಕೂ ಮೇಲೆ ಕೈ ತೋರಿಸುವುದು ಇವನ ಅಭ್ಯಾಸ. ‘ಇದು ದೇವರ ವಿಷಯ ಅಲ್ಲ, ವ್ಯಾಕರಣ. ಇನ್ನೊಮ್ಮೆ ಹೇಳು’ ಎಂದೆ. ‘ಲಾರಿ ಬರದ್’ ಎಂದ. ಕೊನೆಯ ಉಕಾರ ಎಷ್ಟು ಸಲ ಹೇಳಿಸಿದರೂ ಬರಲಿಲ್ಲ.

ಡಿಸೆಂಬರ್ 13, ಗುರುವಾರ

ಬರಲಿಲ್ಲ.

ಡಿಸೆಂಬರ್ 19

ಬೆಳಿಗ್ಗೆ ಹೊರಗೆ ಬಂದರೆ ಟೊಮೆಟೊ ಎಲೆಗಳ ಅಂಚಿಗೆಲ್ಲ ಸಕ್ಕರೆ ಉದುರಿಸಿದಂತೆ ಬೆಳ್ಳಗೆ. ಮುಟ್ಟಿದರೆ ಕೊರೆಯುವ ತಣ್ಣಗೆ. ಪುಸ್ತಕದಲ್ಲಿ ಓದಿ, ಬೋರ್ಡಿನ ಮೇಲೆ ಬರೆದು, ಪರೀಕ್ಷೆಯಲ್ಲಿ ಪ್ರಶ್ನೆ ಕೇಳಿ ಮಾರ್ಕು ಕೊಟ್ಟ ಹಿಮವನ್ನು ಮೊದಲ ಸಲ ಬೆರಳಲ್ಲಿ ಮುಟ್ಟಿದೆ. ಬಿಸಿಲೇರುವಷ್ಟರಲ್ಲಿ ಆ ಎಲೆಗಳೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬಿದ್ದವು. ಸಬ್ರಿ ಕಾಲಿನಿಂದ ಮಣ್ಣು ಒದ್ದ.

ಇದು ನನಗೆ ಗೊತ್ತಿದ್ದ ಪಾಠ. ಮೋಡ ಇಲ್ಲ, ಗಾಳಿ ಇಲ್ಲ ಎಂದರೆ ರಾತ್ರಿಯಲ್ಲಿ ನೆಲ ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ತಣ್ಣನೆಯ ಗಾಳಿ ಭಾರ, ಅದು ಕೆಳಗೇ ಕೂರುತ್ತದೆ. ಆಳೆತ್ತರದಲ್ಲಿ ಬೆಚ್ಚಗಿದ್ದರೂ ಗಿಡದ ಬುಡದಲ್ಲಿ ಕೊರೆಯುತ್ತದೆ. ಮೇಲೆ ಏನಾದರೂ ಮುಚ್ಚಿದರೆ ಸಾಕು, ಕಾವು ಒಳಗೇ ಉಳಿಯುತ್ತದೆ. ಇದನ್ನೆಲ್ಲ ಕೈಸನ್ನೆಯಲ್ಲಿ ವಿವರಿಸಿದೆ. ಸಬ್ರಿ ತಲೆಯಾಡಿಸಿ ಖಾಲಿ ಕೈ ತೋರಿಸಿದ. ಗೋಣಿಗಳನ್ನೆಲ್ಲ ಸೈನಿಕರು ಮರಳು ತುಂಬಿಸಲು ಒಯ್ದಿದ್ದಾರೆ.

ತರಕಾರಿ ಇದ್ದರೆ ಲಾರಿ ಬರುತ್ತದೆ, ಲಾರಿ ಬಂದರೆ ಇವರು ಬರುತ್ತಾರೆ. ಗಿಡಕ್ಕೆ ಹೊದಿಸಲು ನನ್ನ ಎರಡು ವಾಯಿಲ್ ಸೀರೆ ತಂದುಕೊಟ್ಟೆ. ನಾಳೆ ಗುರುವಾರ, ಬೆಳಿಗ್ಗೆ ತೆಗೆದು ಬ್ಯಾಗಿಗೆ ಹಾಕಬೇಕು.

ಡಿಸೆಂಬರ್ 20, ಗುರುವಾರ

ಇವರು ಬರಲಿಲ್ಲ. ಡ್ರೈವರ್ ಸೀಟಿನ ಕೆಳಗಿನಿಂದ ಗೋಣಿ ಸುತ್ತಿದ ಗಂಟೊಂದನ್ನು ತೆಗೆದು ಕೊಟ್ಟ. ಬಿಚ್ಚಿದರೆ ಐಸ್.

ಈ ಚಳಿಯಲ್ಲಿ, ಹಲ್ಲು ಕಟಕಟ ಅನ್ನುವ ಹೆಂಡತಿಗೆ ಗಂಡ ಕಳಿಸಿದ ಉಡುಗೊರೆ. ಅಲೀಮಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ಕಂಬಳಿ ಕೇಳಿದ್ರೆ ತಲ್ಜ್ ಕಳಿಸಿದ್ದಾರಲ್ಲ ನಿಮ್ಮ ಯಜಮಾನ್ರು’ ಎಂದಳು. ಅರಬಿಯಲ್ಲಿ ಐಸಿಗೂ ತಲ್ಜ್, ಹಿಮಕ್ಕೂ ತಲ್ಜ್. ನಮ್ಮೂರಿನಲ್ಲಿ ಇಬ್ಬನಿಗೂ ಮಂಜು, ಕಾವಳಕ್ಕೂ ಮಂಜು, ಹಿಮಾಲಯದ ಹಿಮಕ್ಕೂ ಮಂಜು. ಕಾಣದ ವಸ್ತುವಿಗೆ ಹೆಸರು ಜಾಸ್ತಿ ಯಾಕೆ ಬೇಕು?

ನನಗೂ ನಗು ಬಂತು, ಆಮೇಲೆ ಅಳು ಬಂತು. ಚೆಕ್‌ಪೋಸ್ಟಿನಲ್ಲಿ ಕಾಗದ ಕಂಡರೆ ಹರಿಯುತ್ತಾರೆ, ಐಸನ್ನು ಯಾರೂ ಓದುವುದಿಲ್ಲ. ತುಂಡು ಕನ್ನಡಿಯ ಹಾಗೆ ತಿಳಿಯಾಗಿತ್ತು. ಇವರೇ ನಿಂತು ಮಾಡಿದ್ದು ಎಂದು ನೋಡಿದರೆ ಗೊತ್ತಾಗುತ್ತದೆ. ಪಾತ್ರೆಯಲ್ಲಿಟ್ಟು ಕರಗುವವರೆಗೂ ಅಲೀಮಮ್ಮ ಮತ್ತು ನಾನು ಅದರ ಮುಂದೆ ಕುಳಿತಿದ್ದೆವು. ಆ ನೀರನ್ನು ಸಂಜೆ ಟೊಮೆಟೊದ ಎರಡನೇ ಸಾಲಿಗೆ ಹಾಕಿದೆ.

ಡಿಸೆಂಬರ್ 25

ಮಧ್ಯಾಹ್ನ ಮಳೆ. ಪಂಪಿನ ಕೋಣೆಯಲ್ಲಿ ಮೂವರೂ ಕುಬ್ಬೂಸ್ ರೊಟ್ಟಿ ಮತ್ತು ಸೌತೆಕಾಯಿ ತಿನ್ನುತ್ತಾ ಕುಳಿತೆವು. ನನಗೆ ನನ್ನ ಎಂಟನೇ ಕ್ಲಾಸಿನ ಡೆಲ್ಮಾ ನೆನಪಾದಳು. ನಮ್ಮ ಮಹಡಿಯ ಮೇಲಿದ್ದ ಮಥಾಯಸ್ ಅವರ ಮಗಳು. ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ. ಒಮ್ಮೆ ಕ್ಲಾಸಿನಲ್ಲಿ ಎದ್ದು ನಿಂತು ‘ಮಿಸ್, ವಿಲ್ ಇಟ್ ಎವರ್ ಸ್ನೋ ಇನ್ ಕುವೈತ್?’ ಎಂದಿದ್ದಳು. ನೋ, ಸಿಟ್ ಡೌನ್ ಎಂದಿದ್ದೆ. ಆ ಉತ್ತರ ಅರ್ಧ ತಪ್ಪು.

ಅದನ್ನೇ ಅಲೀಮಮ್ಮನಿಗೆ ಹೇಳಿದೆ. ‘ಈಗ ನಮ್ಮ ತಲೆಯ ಮೇಲೆ, ತುಂಬ ಮೇಲೆ, ಹಿಮವೇ ಬೀಳ್ತಾ ಇರಬಹುದು. ಕೆಳಗೆ ಬರುವ ದಾರಿಯಲ್ಲಿ ಬೆಚ್ಚನೆಯ ಗಾಳಿ ಸಿಗುತ್ತದೆ, ಕರಗಿ ಮಳೆಯಾಗುತ್ತದೆ. ಕರಗಿದ್ದಕ್ಕೆ ನೆಲದ ಹತ್ತಿರ ಮತ್ತೆ ಕೊರೆಯುವ ಗಾಳಿ ಸಿಕ್ಕಿದರೆ ಗಟ್ಟಿ ಕಾಳಾಗುತ್ತದೆ. ಉದ್ದಕ್ಕೂ ಚಳಿಯೇ ಇದ್ದರೆ ಹಿಮವಾಗಿಯೇ ಬಂದು ಕೂರುತ್ತದೆ. ಹೊರಡುವಾಗ ಎಲ್ಲವೂ ಒಂದೇ. ಏನಾಗಿ ಬಂದು ತಲುಪುತ್ತದೆ ಎನ್ನುವುದು ದಾರಿಯ ಗಾಳಿಗೆ ಬಿಟ್ಟದ್ದು.’

ಅಲೀಮಮ್ಮ ಸ್ವಲ್ಪ ಯೋಚಿಸಿ ‘ನಾನು ಉಳ್ಳಾಲದಿಂದ ಹೊರಡುವಾಗ ಹೀಗೆ ಬಾಯಿಬಡುಕಿ ಆಗಿರಲಿಲ್ಲ ಟೀಚರೇ. ಇದೆಲ್ಲ ದಾರಿಯಲ್ಲಿ ಆದದ್ದು’ ಎಂದರು. ಸಬ್ರಿಗೆ ಅರ್ಥವಾಗದಿದ್ದರೂ ನಮ್ಮ ಜೊತೆ ನಕ್ಕ.

ಡಿಸೆಂಬರ್ 27, ಗುರುವಾರ

ಸಬ್ರಿ ಪೋಸ್ಟಿನಿಂದ ಬಂದು ‘ಟೀಚರ್, ಲಾರಿ ಬರದ್’ ಎಂದ. ಹೇಳಿದ ಹಾಗೆ ಬರಲೇ ಇಲ್ಲ. ಕರ್ತೃಪದ ಸರಿ, ಕ್ರಿಯಾಪದ ಸರಿ, ಸುದ್ದಿಯೂ ಸರಿ. ನೂರಕ್ಕೆ ತೊಂಬತ್ತು ಕೊಟ್ಟೆ. ಉಕಾರಕ್ಕೆ ಹತ್ತು ಕಳೆದೆ.

ಜನವರಿ 3, 1991, ಗುರುವಾರ

ಲಾರಿ ಬಂತು. ಡ್ರೈವರ್ ಈ ಸಲ ಕೆಳಗಿಳಿದು, ಆಚೀಚೆ ನೋಡಿ, ಅಲೀಮಮ್ಮನ ಹತ್ತಿರ ತಗ್ಗಿದ ದನಿಯಲ್ಲಿ ಅರಬಿಯಲ್ಲಿ ಮಾತಾಡಿದ. ಅವರು ನನಗೆ ತಿಳಿಸಿದರು: ‘ಪಾಸ್ ಆಗಿದೆಯಂತೆ ಟೀಚರೇ. ಬರುವ ಗುರುವಾರ ನಿಮ್ಮವರು ಇದೇ ಲಾರಿಯಲ್ಲಿ ಬರ್ತಾರಂತೆ. ಹದಿನೈದನೇ ತಾರೀಕಿಗೆ ಯುದ್ಧ ಅಂತ ಎಲ್ರೂ ಹೇಳ್ತಾರಂತೆ, ಆಮೇಲೆ ಪಾಸೂ ಇಲ್ಲ, ದಾರಿಯೂ ಇಲ್ಲ. ಗೇಟಲ್ಲೇ ಇರ್ಬೇಕಂತೆ, ಹುಡುಕ್ಲಿಕ್ಕೆ ಆಗುದಿಲ್ಲಂತೆ.’

‘ನೀವು?’ ಎಂದು ಕೇಳಿದೆ.

‘ನನ್ನದೆಂತ, ಕೀಲಿಕೈ ಉಂಟಲ್ಲ’ ಎಂದು ಗೊಂಚಲು ಅಲ್ಲಾಡಿಸಿ ತೋರಿಸಿದರು.

ಸಂತೋಷದಲ್ಲಿ ನಿದ್ದೆ ಹಾರಿಹೋಗಬೇಕಿತ್ತು. ಸಬ್ರಿಯೊಬ್ಬನೇ ಇಷ್ಟು ಸಾಲುಗಳಿಗೆ ಹೇಗೆ ನೀರು ಕಟ್ಟುತ್ತಾನೆ ಎಂಬ ಯೋಚನೆಯೇ ತಲೆ ತಿನ್ನುತ್ತಿದೆ.

ಜನವರಿ 8

ನಿನ್ನೆಯೂ ಹಿಮ, ಇವತ್ತೂ ಹಿಮ. ಒಳ್ಳೆಯ ನೀಲಿ ಆಕಾಶ ಕಂಡರೆ ಈಗ ಮೈ ಉರಿಯುತ್ತದೆ. ನೈಲೆಕ್ಸ್ ಸೀರೆಗಳೂ, ನಾಲ್ಕು ಲಂಗಗಳೂ, ಇವರ ಪಂಚೆಯೂ ಹೊರಗೆ ಹೋದವು. ಬ್ಯಾಗಿನಲ್ಲಿ ಉಳಿದದ್ದು ಧಾರೆ ಸೀರೆ ಮಾತ್ರ. ಬುಧವಾರ ಸಂಜೆ ಎಲ್ಲವನ್ನೂ ಎತ್ತಿ, ಕೊಡವಿ, ಮಡಚಿ ಇಡಬೇಕು. ನಮ್ಮ ಎರಡನೇ ಸಾಲಿನಲ್ಲಿ ಕಾಯಿ ಬಣ್ಣ ತಿರುಗುತ್ತಿದೆ.

ಜನವರಿ 11, ಶುಕ್ರವಾರ

ನಿನ್ನೆ ಬರೆಯಲು ಕೈ ಏಳಲಿಲ್ಲ. ಇವತ್ತು ಬರೆಯದಿದ್ದರೆ ತಲೆ ಸಿಡಿಯುತ್ತದೆ.

ನಿನ್ನೆ ಬೆಳಿಗ್ಗೆ ಹಿಮ ಇರಲಿಲ್ಲ. ಕಡಲ ಕಡೆಯಿಂದ ಬೆಚ್ಚನೆಯ ಒದ್ದೆ ಗಾಳಿ, ವಾಯುವ್ಯದಲ್ಲಿ ಕಡುನೀಲಿ ಮೋಡದ ಗೋಡೆ. ನಾನು ಅದನ್ನು ನೋಡಿದೆ, ಆದರೆ ಯೋಚಿಸಲಿಲ್ಲ. ತಲೆಯಲ್ಲಿ ಇದ್ದದ್ದು ಲಾರಿ ಮಾತ್ರ. ಬುಧವಾರ ಸಂಜೆಯೇ ಸೀರೆಗಳನ್ನೆಲ್ಲ ತಂದು ಮಡಚಿ ಬ್ಯಾಗಿಗೆ ತುಂಬಿಸಿ ಜಿಪ್ ಎಳೆದಿದ್ದೆ. ಬ್ಯಾಗು ಹಿಡಿದು ಗೇಟಿಗೆ ಹೊರಟಿದ್ದೆ.

ಆಗ ಸಬ್ರಿ ಪೋಸ್ಟಿನ ಕಡೆಯಿಂದ ಓಡಿಕೊಂಡು ಬಂದ. ಅವನು ಓಡಿದ್ದನ್ನು ನಾನು ನೋಡಿದ್ದೇ ಮೊದಲು. ಮುಖ ಬಿಳಿಚಿತ್ತು. ‘ಟೀಚರ್, ಬರದ್. ಬರದ್.’

‘ಲಾರಿ ಬರದಾ?’ ಎಂದೆ.

‘ಬರದ್, ಟೀಚರ್, ಬರದ್. ಬೇಗ ಬಾ. ಯಲ್ಲಾ.’

ಎಲ್ಲಿ ನಿಂತಿದ್ದೆನೋ ಅಲ್ಲೇ ಕುಳಿತೆ. ಆಮೇಲೆ ಬಂದದ್ದು ದುಃಖ ಅಲ್ಲ, ಸಿಟ್ಟು. ಇವರ ಮೇಲೆ, ಡ್ರೈವರ್ ಮೇಲೆ, ಯುದ್ಧ ಮಾಡುವವರ ಮೇಲೆ, ನಿಮ್ಮನ್ನು ಬಿಟ್ಟು ಹೋಗುವುದಿಲ್ಲ ಎಂದ ನನ್ನ ಹಾಳು ಬಾಯಿಯ ಮೇಲೆ. ಸಬ್ರಿ ಬ್ಯಾಗಿಗೆ ಕೈ ತೋರಿಸಿ ‘ಸಾರಿ, ಸಾರಿ’ ಎಂದು ಸೀರೆಗಾಗಿ ಅಂಗಲಾಚುತ್ತಿದ್ದ. ಟೊಮೆಟೊ ಸಾಲಿನ ಕಡೆ ಕೈ ಬೀಸುತ್ತಿದ್ದ. ಇನ್ನು ಈ ಬ್ಯಾಗು ಯಾತಕ್ಕೆ ಎಂದು ನಾನೇ ಜಿಪ್ ಎಳೆದು ಎಲ್ಲವನ್ನೂ ಹೊರಗೆ ಹಾಕಿದೆ. ಧಾರೆ ಸೀರೆಯನ್ನೂ ಬಿಡಲಿಲ್ಲ. ಇಬ್ಬರೂ ಓಡಿದೆವು. ಗಿಡಗಳ ಆಧಾರದ ಕಂಬಿಗಳ ಮೇಲೆ ಸೀರೆಗಳನ್ನು ಎರಡು ಮಡಿಕೆ ಮಾಡಿ ಎಳೆದು ಕಟ್ಟಿದೆವು. ಬಿಸಿಲು ಇರುವಾಗ ಇದು ಯಾಕೆ, ಇದರಿಂದ ಏನು ಉಪಯೋಗ ಎಂದು ಕೇಳುವ ಬುದ್ಧಿಯೂ ನನಗೆ ಇರಲಿಲ್ಲ.

ಕೊನೆಯ ಗಂಟು ಹಾಕುವಾಗ ಬಿಸಿಲು ಆರಿತು. ಬೆಚ್ಚಗಿದ್ದ ಗಾಳಿ ಒಮ್ಮೆಲೇ ಕೊರೆಯತೊಡಗಿತು. ಮೊದಲು ನಾಲ್ಕು ಹನಿ. ಆಮೇಲೆ ಬೆನ್ನಿಗೆ ಯಾರೋ ಕಲ್ಲು ಹೊಡೆದ ಹಾಗಾಯಿತು.

ಸಬ್ರಿ ನನ್ನನ್ನು ಪಂಪಿನ ಕೋಣೆಗೆ ದೂಡಿದ. ತಗಡಿನ ಮಾಡಿನ ಮೇಲೆ ಆ ಸದ್ದು ಎಂಥದ್ದು ಎಂದು ಹೇಳಲಾರೆ. ಅವನ ಬಾಯಿ ಅಲ್ಲಾಡುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಸೌತೆ ಗೂಡಿನ ಪ್ಲಾಸ್ಟಿಕ್ ನಮ್ಮ ಕಣ್ಣೆದುರೇ ಜರಡಿಯಾಯಿತು. ಮರಳೆಲ್ಲ ಬಿಳಿ. ಅವನು ಬಾಗಿಲಿನಿಂದ ಕೈ ಚಾಚಿ ಒಂದನ್ನು ಹೆಕ್ಕಿ ನನ್ನ ಅಂಗೈಯಲ್ಲಿಟ್ಟ. ನೆಲ್ಲಿಕಾಯಿ ಗಾತ್ರದ ಆಲಿಕಲ್ಲು. ಸದ್ದು ಸ್ವಲ್ಪ ಇಳಿದಾಗ, ಚಿಕ್ಕ ಮಕ್ಕಳಿಗೆ ಹೇಳಿಕೊಡುವ ಹಾಗೆ ಬೆರಳು ತೋರಿಸಿ ಹೇಳಿದ:

‘ಬರದ್. ಟೀಚರ್, ಬರದ್.’

ಆಗ ಅರ್ಥವಾಯಿತು. ಅವನು ಓಡಿ ಬಂದು ಹೇಳಿದ್ದರಲ್ಲಿ ಲಾರಿ ಎಂಬ ಶಬ್ದವೇ ಇರಲಿಲ್ಲ. ಕರ್ತೃಪದ ಎಲ್ಲಿ ಎಂದು ಕೇಳಬೇಕಾದ ಟೀಚರೇ ಅದನ್ನು ತಾನಾಗಿ ಸೇರಿಸಿಕೊಂಡಳು.

ನಾನು ಗೇಟಿನ ಕಡೆ ಓಡಿದೆ. ಆಲಿಕಲ್ಲಿನ ಮೇಲೆ ಕಾಲು ಜಾರಿ ಬಿದ್ದೆ, ಎದ್ದೆ. ಎದುರಿನಿಂದ ತಲೆಯ ಮೇಲೆ ತರಕಾರಿ ಬುಟ್ಟಿ ಕವುಚಿಕೊಂಡ ಮನುಷ್ಯನೊಬ್ಬ ಬರುತ್ತಿದ್ದ. ಸೊರಗಿದ್ದರು, ಗಡ್ಡ ಬಿಟ್ಟಿದ್ದರು, ನಡಿಗೆಯಿಂದ ಗುರುತು ಸಿಕ್ಕಿತು.

‘ಎಷ್ಟು ಹಾರ್ನ್ ಹೊಡೆದ ಅವ. ನೀನು ಎಲ್ಲಿದ್ದಿ?’ ಎಂದರು. ಉತ್ತರಕ್ಕೂ ಕಾಯದೆ ಕೇಳಿದರು: ‘ಬ್ಯಾಗ್ ಎಲ್ಲಿ?’

ಇವರ ಕಣ್ಣು ನನ್ನ ಹಿಂದೆ ಹೋಯಿತು. ಟೊಮೆಟೊ ಸಾಲಿನ ಮೇಲೆ ನನ್ನ ವಾಯಿಲ್, ನೈಲೆಕ್ಸ್, ಲಂಗಗಳು, ಇವರದೇ ಪಂಚೆ, ತುದಿಯಲ್ಲಿ ಕೆಂಪು ಧಾರೆ ಸೀರೆ, ಎಲ್ಲದರ ಗುಳಿಯಲ್ಲೂ ಬೊಗಸೆಗಟ್ಟಲೆ ಆಲಿಕಲ್ಲು. ಇವರು ಒಂದೊಂದನ್ನೇ ನೋಡಿದರು.

‘ಲಾರಿ ಉಂಟಾ?’ ಎಂದೆ.

‘ಗ್ಲಾಸ್ ಒಡೀತು. ಅವ ಹೆದರಿದ. ಎರಡು ನಿಮಿಷ ನಿಲ್ಲು ಅಂತ ಕೈ ಮುಗ್ದು ಇಳಿದು ಬಂದೆ, ನಿಲ್ಲಲಿಲ್ಲ.’

ಇಷ್ಟೇ. ಪಾಸು ಇವರ ಅಂಗಿಯ ಕಿಸೆಯಲ್ಲಿತ್ತು. ಒದ್ದೆಯೂ ಆಗಿರಲಿಲ್ಲ.

ಅಲೀಮಮ್ಮ ಚಹಾ ತಂದರು. ಸಬ್ರಿಯನ್ನು ಅರಬಿಯಲ್ಲಿ ವಿಚಾರಿಸಿ ತಲೆಗೆ ಕೈ ಹೊತ್ತರು. ‘ಬರದ್ ಅಂದ್ರೆ ಅರಬಿಯಲ್ಲಿ ಆಲಿಕಲ್ಲು. ನನ್ನ ಹತ್ರ ಒಂದು ಮಾತು ಕೇಳಬಾರದಿತ್ತಾ ಟೀಚರೇ?’ ಎಂದರು. ಇವರು ದೊಡ್ಡ ಆಲಿಕಲ್ಲೊಂದನ್ನು ಹೆಕ್ಕಿ ಸೌತೆ ಕೊಯ್ಯುವ ಚೂರಿಯಿಂದ ಎರಡು ಹೋಳು ಮಾಡಿ ಬೆಳಕಿಗೆ ಹಿಡಿದರು. ಈರುಳ್ಳಿಯ ಹಾಗೆ ಪದರ ಪದರ, ಒಂದು ಬಿಳಿ, ಒಂದು ತಿಳಿ.

‘ಮೋಡದೊಳಗೆ ಗಾಳಿ ಅದನ್ನು ಮೇಲಕ್ಕೆತ್ತುತ್ತದೆ, ಬೀಳಲು ಬಿಡುತ್ತದೆ, ಮತ್ತೆ ಎತ್ತುತ್ತದೆ. ಪ್ರತಿ ಸಲವೂ ಹೊಸ ನೀರು ಅಂಟಿಕೊಳ್ಳುತ್ತದೆ. ಗಾಳಿಗೆ ಹೊರಲಾಗದಷ್ಟು ಭಾರವಾದ ಮೇಲೆ ಬೀಳುತ್ತದೆ’ ಎಂದೆ.

‘ಈ ಬಿಳಿ ಇದೆಯಲ್ಲ, ಅದು ಗಡಿಬಿಡಿಯಲ್ಲಿ ಗಟ್ಟಿಯಾದದ್ದು’ ಎಂದರು. ‘ಪ್ಲಾಂಟಲ್ಲೂ ಹಾಗೇ. ನಿಧಾನಕ್ಕೆ ಆದ್ರೆ ಗಾಳಿ ಹೊರಗೆ ಹೋಗ್ತದೆ, ಐಸ್ ತಿಳಿ ಬರ್ತದೆ. ಅವಸರ ಮಾಡಿದ್ರೆ ಗಾಳಿ ಒಳಗೇ ಸಿಕ್ಕಿಬೀಳ್ತದೆ.’

ಹೋಳುಗಳು ಇವರ ಅಂಗೈಯಲ್ಲೇ ಕರಗಿದವು. ಬೈದಿದ್ದರೆ ಹಗುರವಾಗುತ್ತಿತ್ತು. ಇವರು ಬೈಯಲಿಲ್ಲ.

ಸಂಜೆ ಸೀರೆ ಸರಿಸಿ ನೋಡಿದೆ. ಸೌತೆಯೆಲ್ಲ ಹೋಗಿದೆ. ಟೊಮೆಟೊ ಎರಡನೇ ಸಾಲು ಪೂರ್ತಿ ಉಳಿದಿದೆ.

ಜನವರಿ 13

ಇವರದು ಮಾತು ಕಡಿಮೆ. ಪಂಪಿನ ವಾಷರ್ ಬದಲಾಯಿಸಿದರು. ಕೋಣೆಯಲ್ಲಿ ಗೊಬ್ಬರದ ವಾಸನೆ ಎಂದರು. ಯಾವ ವಾಸನೆ ಎಂದು ಕೇಳಿದೆ.

ಜನವರಿ 15

ಪಾಸಿನ ಕೊನೆಯ ದಿನ. ಯಾರೂ ಅದರ ಸುದ್ದಿ ಎತ್ತಲಿಲ್ಲ. ಅಲೀಮಮ್ಮ ಟೊಮೆಟೊ ಸಾರು ಮಾಡಿದ್ದರು.

ಜನವರಿ 17

ಯುದ್ಧ ಶುರುವಾಗಿದೆ. ಆಕಾಶದಲ್ಲಿ ಬಿಟ್ಟೂಬಿಡದೆ ವಿಮಾನ. ನಾಲ್ವರೂ ಗೊಬ್ಬರದ ಕೋಣೆಯಲ್ಲೇ ಮಲಗುತ್ತೇವೆ, ಗೋಡೆ ಗಟ್ಟಿ ಇರುವುದು ಇದೊಂದಕ್ಕೇ. ಚಿಲಕದ ಕಡೆ ಮಲಗುವವನು ಸಬ್ರಿ. ನೆಲ ನಡುಗಿದಾಗಲೆಲ್ಲ ಅಲೀಮಮ್ಮ ನನ್ನ ಕೈ ಹಿಡಿದು ‘ಮೋಹಿನೀ, ಇದ್ದೀಯಾ?’ ಎನ್ನುತ್ತಾರೆ. ಇದ್ದೇನೆ ಎನ್ನುತ್ತೇನೆ.

ಜನವರಿ 24

ಮೊನ್ನೆಯಿಂದ ದಕ್ಷಿಣದ ಎಣ್ಣೆಬಾವಿಗಳು ಉರಿಯುತ್ತಿವೆ. ಮಧ್ಯಾಹ್ನವೂ ಲಾಟೀನು ಬೇಕು. ತೊಳೆದು ಹಾಕಿದ ಬಟ್ಟೆಯ ಮೇಲೆ ಮಸಿ. ಬಿಸಿಲು ನೆಲ ಮುಟ್ಟದೆ ಹಗಲೆಲ್ಲ ಥಂಡಿ, ಆದರೆ ಬೆಳಗಿನ ಹಿಮ ಮಾತ್ರ ನಿಂತುಹೋಗಿದೆ. ಹೊಗೆ ಕಂಬಳಿಯ ಹಾಗೆ ಮುಚ್ಚಿ ನೆಲದ ಕಾವನ್ನು ಹೋಗಲು ಬಿಡುತ್ತಿಲ್ಲ. ಟೊಮೆಟೊಗೆ ಇನ್ನು ಸೀರೆ ಬೇಡ. ಎಲೆ ಒರೆಸುವ ಕೆಲಸ ಮಾತ್ರ ಹೆಚ್ಚಿತು. ಬೆಳಿಗ್ಗೆಯಿಂದ ಒದ್ದೆ ಬಟ್ಟೆ ಹಿಡಿದು ಎರಡು ಸಾಲು ಮುಗಿಸಿದೆ.

ಪೈಪಿನ ಕೀಲು ಬಿಗಿಯಲು ಇವರು ಬೇಕಿತ್ತು. ಕರೆದರೆ ಓಗೊಡಲಿಲ್ಲ. ಕೋಣೆಯಲ್ಲಿ ಇರಲಿಲ್ಲ, ಪಂಪಿನ ಹತ್ತಿರವೂ ಇರಲಿಲ್ಲ. ಹುಡುಕುತ್ತಾ ಹೋದರೆ ಗೇಟಿನಲ್ಲಿ ನಿಂತಿದ್ದರು. ಮುಖಕ್ಷೌರ ಮಾಡಿ ಒಗೆದ ಅಂಗಿ ಹಾಕಿಕೊಂಡಿದ್ದರು. ಕಾಲ ಬಳಿ ಬ್ಯಾಗು. ನನ್ನ ಸೀರೆಗಳನ್ನೆಲ್ಲ ಇವರೇ ಎತ್ತಿ, ಕೊಡವಿ, ತಮಗೆ ಬಂದ ಹಾಗೆ ಮಡಚಿ ತುಂಬಿಸಿದ್ದರು. ಜಿಪ್ಪಿನ ಸಂದಿಯಲ್ಲಿ ಧಾರೆ ಸೀರೆಯ ಕೆಂಪು ಅಂಚು ಕಾಣುತ್ತಿತ್ತು.

ಆಗ ನೆನಪಾಯಿತು, ಇವತ್ತು ಗುರುವಾರ.

‘ಬನ್ನಿ, ನೀರು ಬಿಡಬೇಕು’ ಎಂದೆ.

ಇವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ರಸ್ತೆ ಎಂದು ಏನೂ ಕಾಣುತ್ತಿರಲಿಲ್ಲ, ಬರೇ ಹೊಗೆ. ‘ಲಾರಿ ಬರಬಹುದಾ ಮೋಹಿನಿ?’ ಎಂದರು. ಆಲಿಕಲ್ಲು ಬಿದ್ದ ದಿನದ ಆಮೇಲೆ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಹೌದು ಎನ್ನಬೇಕೆಂದು ತುಂಬ ಅನಿಸಿತು. ಈ ಮನುಷ್ಯ ನನಗಾಗಿ ಲಾರಿಯಿಂದ ಇಳಿದವರು.

‘ಬರದು’ ಎಂದೆ.

ಇವರು ಬಗ್ಗಿ ಬ್ಯಾಗು ಎತ್ತಿಕೊಂಡರು. ನಮ್ಮ ಹಿಂದೆ, ಟೊಮೆಟೊ ಸಾಲಿನಲ್ಲಿ ಕುಳಿತು ಕಳೆ ಕೀಳುತ್ತಿದ್ದ ಸಬ್ರಿ ಆ ಶಬ್ದ ಕೇಳಿ ಗಾಬರಿಯಿಂದ ಎದ್ದ. ಒಮ್ಮೆ ಕಪ್ಪು ಆಕಾಶವನ್ನು ನೋಡಿದ, ಇವರ ಕೈಯಲ್ಲಿದ್ದ ಬ್ಯಾಗನ್ನು ನೋಡಿದ, ಸೀರೆಗಳಿಗಾಗಿ ನಮ್ಮ ಕಡೆ ಓಡಿಬಂದ.